ಟೆರೇಸಿನ ಯುವಿ ಮಾಪಕ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆಯ ಹವಾಮಾನ ಕೇಂದ್ರಕ್ಕೆ ಯುವಿ (ಅತಿನೇರಳೆ) ಕಿರಣ ಅಳೆಯುವ ಜಿಯುವಿಎ-ಎಸ್12ಎಸ್‌ಡಿ ಸೆನ್ಸರ್ ಜೋಡಿಸಿ, ಮಳೆಗೆ ನೆನೆಯದಂತೆ ಪಾರದರ್ಶಕ ಪಾಲಿಕಾರ್ಬೊನೇಟ್ ಡಬ್ಬಿಯಲ್ಲಿಟ್ಟಿದ್ದೇವೆ. ಏಪ್ರಿಲ್ ಮಧ್ಯಾಹ್ನದಲ್ಲೂ ಯುವಿ ಸೂಚ್ಯಂಕ (ಬಿಸಿಲು ಚರ್ಮ ಸುಡುವ ತೀವ್ರತೆಯ ಅಂಕಿ) 2 ದಾಟುತ್ತಿಲ್ಲ. ಸೆನ್ಸರ್ ಕೆಟ್ಟಿದೆಯೇ?
– ಓದುಗರು, ಬಸವನಗುಡಿ

ಉತ್ತರ: ಸೆನ್ಸರ್ ಸರಿಯಾಗಿಯೇ ಇದೆ, ಅಡ್ಡ ನಿಂತಿರುವುದು ಡಬ್ಬಿ. ಈ ಸೆನ್ಸರ್ ಗ್ರಹಿಸುವುದು 240ರಿಂದ 370 ನ್ಯಾನೋಮೀಟರ್ ಕಿರಣಗಳನ್ನು. ಪಾಲಿಕಾರ್ಬೊನೇಟ್ ಬಹುಮಟ್ಟಿಗೆ ತಡೆಯುವುದೂ ಅವನ್ನೇ. ಕಣ್ಣಿಗೆ ಪಾರದರ್ಶಕವಾದದ್ದೆಲ್ಲ ಯುವಿಗೆ ಪಾರದರ್ಶಕವಲ್ಲ. ಕಿಟಕಿ ಗಾಜು ಹಾಕಿದರೂ ಯುವಿಬಿ (ಕಡಿಮೆ ತರಂಗಾಂತರದ ಯುವಿ) ಒಳಗೆ ಬಾರದು.

ಮುಚ್ಚಳದಲ್ಲಿ 12 ಮಿ.ಮೀ. ರಂಧ್ರ ಕೊರೆದು, ಅದರ ಮೇಲೆ ಯುವಿಯನ್ನು ಒಳಬಿಡುವ 0.5 ಮಿ.ಮೀ. ದಪ್ಪದ ಟೆಫ್ಲಾನ್ ಹಾಳೆಯ ಬಿಲ್ಲೆ ಕೂರಿಸಿ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಬೇಡ, ಎಳೆದಂತೆಲ್ಲ ಅದರ ದಪ್ಪ ಬದಲಾಗುತ್ತದೆ. ಟೆಫ್ಲಾನ್‌ಗೆ ಸಿಲಿಕೋನ್ ಅಂಟುವುದಿಲ್ಲ. ಕೆಳಗೊಂದು ಓ-ರಿಂಗ್, ಮೇಲೊಂದು ತೆಳು ವಾಷರ್ ಇಟ್ಟು ಸ್ಕ್ರೂ ಬಿಗಿಯಿರಿ. ಬಿಲ್ಲೆಯ ಮೇಲೆ ನೀರು ನಿಲ್ಲದಂತೆ ವಾಷರಿನ ಅಂಚು ನೋಡಿಕೊಳ್ಳಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಬಿಲ್ಲೆ ಬೆಳಕನ್ನು ಚದುರಿಸುವುದರಿಂದ ವೋಲ್ಟೇಜ್ ಇಳಿಯುತ್ತದೆ. ಇಎಸ್‌ಪಿ32 ಮೈಕ್ರೋಕಂಟ್ರೋಲರಿನ ಸ್ವಂತ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಇಷ್ಟು ಸಣ್ಣ ವೋಲ್ಟೇಜನ್ನು ನಂಬಿಕೆಗೆ ತಕ್ಕಂತೆ ಅಳೆಯುವುದಿಲ್ಲ. ಎಡಿಎಸ್1115 ಎಂಬ ಪ್ರತ್ಯೇಕ ಎಡಿಸಿ ಚಿಪ್ ಬಳಸಿ, ಶ್ರೇಣಿಯನ್ನು 1.024 ವೋಲ್ಟ್‌ಗೆ ಇಟ್ಟರೆ ಅದು ಗುರುತಿಸುವ ಒಂದು ಹೆಜ್ಜೆ 0.03125 ಮಿಲಿವೋಲ್ಟ್.

ಪ್ರಶ್ನೆ: ಕ್ಯಾಲಿಬ್ರೇಷನ್ (ಸೆನ್ಸರ್ ವೋಲ್ಟೇಜನ್ನು ಸರಿಯಾದ ಸೂಚ್ಯಂಕಕ್ಕೆ ಹೊಂದಿಸುವುದು) ಮನೆಯಲ್ಲೇ ಆದೀತೇ?
– ಓದುಗರು, ಯಲಹಂಕ

ಉತ್ತರ: ಆಗುತ್ತದೆ, ಆದರೆ ಬಿಲ್ಲೆ ಅಂತಿಮವಾಗಿ ಕೂತ ಮೇಲೆಯೇ. ಆಮೇಲೆ ಬಿಲ್ಲೆ ಬದಲಿಸಿದರೆ ಎಲ್ಲವನ್ನೂ ಮತ್ತೆ ಮಾಡಬೇಕು.

ಮೊದಲು ಬಿಲ್ಲೆಯನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಮುಚ್ಚಿ ಶೂನ್ಯದ ವೋಲ್ಟೇಜ್ ಬರೆದಿಡಿ. ಪ್ರತಿ ಓದಿನಿಂದ ಅದನ್ನು ಕಳೆಯಬೇಕು. ನಂತರ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಮೋಡವಿಲ್ಲದ ದಿನ ಆರಿಸಿ, ಬೆಳಗಿನಿಂದ ಸಂಜೆಯವರೆಗೆ ನಿಮಿಷಕ್ಕೊಂದು ಓದು ದಾಖಲಿಸಿ. ನೀರಿನ ಟ್ಯಾಂಕಿನ, ಪ್ಯಾರಪೆಟ್ಟಿನ ನೆರಳು ಬೀಳಬಾರದು. ಬಿಡಿ ಮೋಡಗಳಿರುವ ದಿನವನ್ನು ಕೈಬಿಡಿ: ಮೋಡದಂಚಿನ ಪ್ರತಿಫಲನದಿಂದ ಓದು ನಿರಭ್ರ ಆಕಾಶದ ಮಟ್ಟವನ್ನೂ ಮೀರಬಹುದು.

ಹೋಲಿಕೆಗೆ ಯುರೋಪಿನ ಕೊಪರ್ನಿಕಸ್ ವಾತಾವರಣ ಸೇವೆಯ ನಿರಭ್ರ ಯುವಿ ಮುನ್ಸೂಚನೆ ಸಿಗುತ್ತದೆ. ಅಂಕಿ ಚದರ ಮೀಟರ್‌ಗೆ ವ್ಯಾಟ್‌ನಲ್ಲಿದ್ದರೆ 40ರಿಂದ ಗುಣಿಸಿದಾಗ ಸೂಚ್ಯಂಕ ಬರುತ್ತದೆ. ಸಮಯ ಹೊಂದಿಸುವಾಗ ಜಾಗ್ರತೆ: ಬೆಂಗಳೂರು 77.6 ಡಿಗ್ರಿ ರೇಖಾಂಶದಲ್ಲಿದೆ, ನಮ್ಮ ಗಡಿಯಾರ 82.5ರದ್ದು. ಏಪ್ರಿಲ್‌ನಲ್ಲಿ ಸೂರ್ಯ ನೆತ್ತಿಗೇರುವುದು ಸುಮಾರು 12:20ಕ್ಕೆ.

ಬಹುತೇಕರು ಎಡವುವುದು ಇಲ್ಲಿಂದ ಮುಂದೆ. ಮಧ್ಯಾಹ್ನದ ಒಂದೇ ಗುಣಕವನ್ನು (ಮುನ್ಸೂಚನೆಯ ಸೂಚ್ಯಂಕವನ್ನು ಅದೇ ಹೊತ್ತಿನ ವೋಲ್ಟೇಜಿನಿಂದ ಭಾಗಿಸಿದಾಗ ಸಿಗುವ ಸಂಖ್ಯೆ) ದಿನವಿಡೀ ಬಳಸಿದರೆ ಬೆಳಿಗ್ಗೆ ಎಂಟಕ್ಕೆ ಸೂಚ್ಯಂಕ ಹೆಚ್ಚಾಗಿ ಕಾಣುತ್ತದೆ. ಸೂರ್ಯ ಕೆಳಗಿದ್ದಾಗ ಕಿರಣಗಳು ಓಝೋನ್‌ನಲ್ಲಿ ದೂರ ಸಾಗಬೇಕು. ಚರ್ಮ ಸುಡುವ ಯುವಿಬಿ ಅಲ್ಲೇ ಹೀರಿಹೋಗುತ್ತದೆ, ಯುವಿಎ (ಹೆಚ್ಚು ತರಂಗಾಂತರದ ಯುವಿ) ಉಳಿಯುತ್ತದೆ. ಸೂಚ್ಯಂಕದ ಲೆಕ್ಕದಲ್ಲಿ ಯುವಿಎಗೆ ತೂಕ ತೀರಾ ಕಡಿಮೆ, ಈ ಸೆನ್ಸರ್ ಮಾತ್ರ ಅದನ್ನೂ ಸಮನಾಗಿ ಎಣಿಸಿಬಿಡುತ್ತದೆ. ಆದ್ದರಿಂದ ಸೂರ್ಯನ ಎತ್ತರಕ್ಕೆ ತಕ್ಕಂತೆ, 10 ಡಿಗ್ರಿಗೊಂದರಂತೆ ಗುಣಕಗಳ ಪಟ್ಟಿ ಮಾಡಿ ಪ್ರೋಗ್ರಾಂಗೆ ಸೇರಿಸಿ. 20 ಡಿಗ್ರಿಗಿಂತ ಕೆಳಗಿನ ಓದುಗಳನ್ನು ಬಿಟ್ಟರೆ ನಷ್ಟವಿಲ್ಲ.

ನಗರದ ಧೂಳು ಬಿಲ್ಲೆಯ ಮೇಲೆ ಕೂತರೆ ಓದು ಇಳಿಯುತ್ತದೆ, ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸುತ್ತಿರಿ. ಡಿಸೆಂಬರಿನ ಚಳಿ ಬೆಳಗಿನಲ್ಲಿ ಸಣ್ಣ ನೆಗೆತ ಕಂಡರೆ ಗಾಬರಿ ಬೇಡ: ಸುಮಾರು 19 ಡಿಗ್ರಿ ಸೆಲ್ಸಿಯಸ್‌ನಲ್ಲಿ ಟೆಫ್ಲಾನ್‌ನ ಹರಳು ರಚನೆ ಬದಲಾಗಿ, ಹಾದುಹೋಗುವ ಬೆಳಕು ಶೇಕಡಾ ಒಂದೆರಡರಷ್ಟು ವ್ಯತ್ಯಾಸವಾಗುತ್ತದೆ.