ಯಾವ ಒಕ್ಕ, ಯಾವ ಊರು?

ಮನಸ್ಸಿನ ತೊಂದರೆಗೆ ಚಿಕಿತ್ಸೆ ಹುಡುಕುವುದರ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು. ಪ್ರಶ್ನೆ ಬೇರೆ ಬೇರೆಯಾದರೂ ಅಂಜಿಕೆ ಒಂದೇ: ‘ಯಾರಿಗಾದರೂ ಗೊತ್ತಾದರೆ?’ ಮನೋವೈದ್ಯರು ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಕೂತು ಉತ್ತರಿಸಿದ್ದಾರೆ. ಗುರುತು ಸಿಗುವ ವಿವರಗಳನ್ನು ಪತ್ರಗಳಿಂದ ತೆಗೆದಿದ್ದೇವೆ.

ಪ್ರಶ್ನೆ: ನನಗೆ 34 ವರ್ಷ, ಗೋಣಿಕೊಪ್ಪದ ಹತ್ತಿರ ತೋಟದ ಮನೆ. ಆರು ತಿಂಗಳಿಂದ ನಸುಕಿನ ಮೂರಕ್ಕೇ ಎಚ್ಚರವಾಗುತ್ತದೆ. ಯಾವುದರಲ್ಲೂ ಮನಸ್ಸಿಲ್ಲ, ಸುಮ್ಮನೆ ಅಳು ಬರುತ್ತದೆ. ಮಡಿಕೇರಿ ಆಸ್ಪತ್ರೆಗೆ ಹೋಗೋಣವೆಂದರೆ ಅಲ್ಲಿ ನಾದಿನಿ ನರ್ಸ್. ಪರಿಚಯದವರು ಹೇಳಿದ ಮನಶ್ಶಾಸ್ತ್ರಜ್ಞೆ ನಮ್ಮ ಅತ್ತೆಯ ತವರಿನ ಒಕ್ಕದವರು (ಒಕ್ಕ ಎಂದರೆ ಕೊಡವ ಮನೆತನ). ಮೈಸೂರಾದರೆ ಒಂದು ದಿನವೇ ಹೋಗುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ವಿಟಮಿನ್ ಬಿ12. ಇವುಗಳಲ್ಲಿ ಏರುಪೇರಾದರೂ ಸುಸ್ತು, ನಿದ್ದೆಗೇಡು, ಬೇಸರ ಬರುತ್ತವೆ. ಇದಕ್ಕೆ ಯಾರಿಗೂ ಕಾರಣ ಹೇಳಬೇಕಿಲ್ಲ, ಊರಿನ ಡಾಕ್ಟರೇ ಬರೆದುಕೊಡುತ್ತಾರೆ. ಆದರೆ ಎರಡು ವಾರ ದಾಟಿದ ಬೇಸರ, ನಸುಕಿನಲ್ಲೇ ಎಚ್ಚರ, ಆಸಕ್ತಿ ಸತ್ತುಹೋಗುವುದು ಒಟ್ಟಿಗೆ ಸೇರಿದರೆ ಖಿನ್ನತೆಯನ್ನು ಅನುಮಾನಿಸಲೇಬೇಕು. ನಿಮ್ಮದು ಆರು ತಿಂಗಳು. ರಕ್ತದ ವರದಿ ಕಾಯುತ್ತ ಮತ್ತೆ ಒಂದು ತಿಂಗಳು ಕಳೆಯಬೇಡಿ.

ಈಗ ನಾದಿನಿಯ ವಿಷಯ. ಮಡಿಕೇರಿಯ ಜಿಲ್ಲಾಸ್ಪತ್ರೆ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಮೂಳೆ, ಚರ್ಮ, ಹೆರಿಗೆ ಎಂದು ಜನ ತುಂಬಿರುತ್ತಾರೆ. ಅಲ್ಲಿನ ಮೊಗಸಾಲೆಯಲ್ಲಿ ನಿಮ್ಮನ್ನು ಕಂಡವರಿಗೆ ನೀವು ಆಸ್ಪತ್ರೆಗೆ ಬಂದಿರಿ ಎಂದಷ್ಟೇ ಗೊತ್ತಾಗುತ್ತದೆ. ಪೇಟೆಯ ಬೀದಿಯಲ್ಲಿ ‘ಮನೋರೋಗ ತಜ್ಞರು’ ಎಂದು ಒಂದೇ ಬೋರ್ಡ್ ಇರುವ ಕ್ಲಿನಿಕ್‌ನ ಮೆಟ್ಟಿಲು ಹತ್ತುವುದೇ ಹೆಚ್ಚು ಹೇಳಿಬಿಡುತ್ತದೆ. ಗುಟ್ಟಿಗಾಗಿ ಸಣ್ಣ ಜಾಗ ಹುಡುಕುವವರು ಇದನ್ನು ಮರೆಯುತ್ತಾರೆ. ಹೊರರೋಗಿ ಚೀಟಿಯ ಮೇಲೆ ವಿಭಾಗದ ಹೆಸರಿರುತ್ತದೆ, ಅದನ್ನು ಮಡಚಿ ಕೈಚೀಲದಲ್ಲಿಡಿ. ಹೆಸರು ಕೂಗುವ ಬದಲು ಟೋಕನ್ ಸಂಖ್ಯೆ ಕರೆಯಿರಿ ಎಂದು ಕೇಳಬಹುದು, ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾದಿನಿ ಅದೇ ವಿಭಾಗದಲ್ಲಿದ್ದರೆ ಮಾತ್ರ ಬೇರೆ ದಾರಿ ನೋಡಿ. ಬೇರೆ ವಾರ್ಡ್‌ನಲ್ಲಿರುವ ಸಿಬ್ಬಂದಿಗೆ ನಿಮ್ಮ ಕಡತ ತೆರೆಯುವ ಹಕ್ಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ರೋಗಿಯ ಹಕ್ಕು ಎಂದೇ ಬರೆದಿದೆ. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ, ಹೀಗೆ ಬೆರಳೆಣಿಕೆಯ ಸಂದರ್ಭಗಳಲ್ಲಷ್ಟೇ ಅದಕ್ಕೆ ವಿನಾಯಿತಿ.

ಅತ್ತೆಯ ತವರಿನವರ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಕೊಡಗಿನಲ್ಲಿ ಇಬ್ಬರು ಎದುರಾದರೆ ಮೊದಲ ಮಾತು ‘ಯಾವ ಒಕ್ಕ?’, ಎರಡನೆಯದು ‘ಯಾವ ಊರು?’. ಮೂರನೆಯ ಮಾತಿನೊಳಗೆ ನೆಂಟಸ್ತಿಕೆ ಸಿಕ್ಕಿರುತ್ತದೆ. ಯಾರಿಗೂ ಪರಿಚಯವೇ ಇಲ್ಲದ ಚಿಕಿತ್ಸಕರು ಜಿಲ್ಲೆಯೊಳಗೆ ಸಿಗುವುದು ಕಷ್ಟ. ಆದ್ದರಿಂದ ‘ಗೊತ್ತಿದ್ದಾರೆಯೇ’ ಎನ್ನುವುದನ್ನು ಬಿಟ್ಟು ‘ಎಷ್ಟು ಹತ್ತಿರ’ ಎಂದು ಕೇಳಿಕೊಳ್ಳಿ. ಒಂದೇ ಐನ್‌ಮನೆಗೆ (ಒಕ್ಕದ ಮೂಲ ಮನೆಗೆ) ಸೇರಿದವರು, ಒಂದೇ ಊಟದ ಪಂಕ್ತಿಯಲ್ಲಿ ಕೂರುವವರು, ಹಣ ಅಥವಾ ತೋಟದ ವ್ಯವಹಾರ ಇರುವವರು ಬೇಡ. ಮದುವೆ ಮಂಟಪದಲ್ಲಿ ವರ್ಷಕ್ಕೆರಡು ಸಲ ದೂರದಿಂದ ಕಾಣುವವರಾದರೆ ನಡೆಯುತ್ತದೆ. ನಿಮ್ಮ ವಿಷಯದಲ್ಲಿ ಅತ್ತೆಯೇ ಸಂಕಟದ ಒಂದು ಭಾಗವಾಗಿದ್ದರೆ ಆ ಮನಶ್ಶಾಸ್ತ್ರಜ್ಞೆ ಬೇಡವೇ ಬೇಡ. ಅವರು ಎಷ್ಟೇ ಒಳ್ಳೆಯವರಾಗಲಿ, ಅತ್ತೆಯ ಬಗ್ಗೆ ಹೇಳಬೇಕಾದ ಮಾತು ನಿಮ್ಮ ಗಂಟಲಲ್ಲೇ ಉಳಿಯುತ್ತದೆ.

ಯಾರಿಗೇ ಆಗಲಿ ಮೊದಲ ಸಲ ಫೋನ್ ಮಾಡಿದಾಗ ‘ನಮ್ಮ ಮನೆಯ ಯಾರಾದರೂ ನಿಮ್ಮಲ್ಲಿಗೆ ಬರುತ್ತಾರಾ?’ ಎಂದು ಕೇಳಬೇಡಿ. ಅದನ್ನು ಹೇಳಲು ಅವರಿಗೆ ಅಧಿಕಾರವಿಲ್ಲ. ಹೀಗೆ ಹೇಳಿ: ‘ನಾನು ಸೇರಿದ ಒಕ್ಕ ಇದು, ತವರು ಇದು. ನನ್ನನ್ನು ನೋಡುವುದು ನಿಮಗೆ ತೊಡಕು ಅನ್ನಿಸಿದರೆ ಕಾರಣ ಹೇಳಬೇಡಿ, ಬೇರೆಯವರ ಹೆಸರು ಕೊಡಿ.’ ಒಳ್ಳೆಯ ಚಿಕಿತ್ಸಕರು ಈ ಮಾತಿಗೆ ನೆಮ್ಮದಿಯ ಉಸಿರು ಬಿಡುತ್ತಾರೆ, ಅವರ ಕೆಲಸ ನೀವೇ ಮಾಡಿಕೊಟ್ಟಿರಿ. ಬದಲಿಗೆ ‘ಓ, ಆ ಮನೆಯವರಾ, ನಿಮ್ಮ ದೊಡ್ಡಮ್ಮನೂ ಬರುತ್ತಿದ್ದರಲ್ಲ’ ಎಂದರೆ ಫೋನ್ ಇಟ್ಟುಬಿಡಿ. ನಾಳೆ ನಿಮ್ಮ ಬಗ್ಗೆಯೂ ಅದೇ ಸಲೀಸಾಗಿ ಹೇಳುತ್ತಾರೆ.

ಮೊದಲ ಭೇಟಿಯಲ್ಲೇ ಇನ್ನೊಂದು ಒಪ್ಪಂದ ಮಾಡಿಕೊಳ್ಳಿ: ಸಂತೆಯಲ್ಲೋ ಮದುವೆಯಲ್ಲೋ ಎದುರಾದರೆ ನೀವಾಗಿ ಮಾತಾಡಿಸುವವರೆಗೆ ಅವರು ಮಾತಾಡಿಸಬಾರದು. ಮಾತಾಡಿಸಿದರೂ ಮಳೆ, ಕಾಫಿ ದರ ಇಷ್ಟೇ.

ಮೈಸೂರೇ ಆಗಬೇಕೆಂದರೆ ಗೋಣಿಕೊಪ್ಪದಿಂದ ಹುಣಸೂರಿನ ಮೇಲೆ ಎರಡೂವರೆ ಗಂಟೆ ಹಿಡಿಯಿರಿ. ವಾರಕ್ಕೊಮ್ಮೆ ಹೋಗುತ್ತೇನೆಂದು ಹೊರಟವರು ಮೂರನೆಯ ವಾರಕ್ಕೆ ನಿಲ್ಲಿಸುತ್ತಾರೆ, ಕಾಫಿ ಕುಯ್ಲಿನ ಡಿಸೆಂಬರ್‌ನಿಂದ ಫೆಬ್ರುವರಿಯೊಳಗಂತೂ ಖಂಡಿತ. ಮೊದಲ ಭೇಟಿ ಎದುರಾ ಎದುರು ಆಗಲಿ. ಆಮೇಲೆ ವಾರದ ಸೆಷನ್ ಫೋನಿನಲ್ಲಿ, ತಿಂಗಳಿಗೊಮ್ಮೆ ಖುದ್ದು ಭೇಟಿ. ಮಾತ್ರೆ ಬರೆದರೆ ಒಂದು ತಿಂಗಳಿನದನ್ನು ಮೈಸೂರಿನಲ್ಲೇ ತೆಗೆದುಕೊಳ್ಳಿ. ಊರಿನ ಮೆಡಿಕಲ್ ಶಾಪಿನವರಿಗೆ ಮಾತ್ರೆಯ ಹೆಸರು ನೋಡಿದರೆ ಸಾಕು, ಯಾವುದಕ್ಕೆಂದು ಗೊತ್ತಾಗುತ್ತದೆ.

ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಹತ್ತನೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವುದು ನಾವು ಕಾಣುವ ಮೊದಲ ತಪ್ಪು. ಎರಡು ತಿಂಗಳಿಗೆ ‘ಸರಿಹೋಯಿತು’ ಎಂದು ತಟ್ಟನೆ ನಿಲ್ಲಿಸುವುದು ಎರಡನೆಯದು. ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಡಾಕ್ಟರು ಹೇಳಿದಂತೆ ಇಳಿಸುತ್ತ ಬರಬೇಕು.

ಪ್ರಶ್ನೆ: ಕುಶಾಲನಗರದಲ್ಲಿ ‘ಆಪ್ತಸಮಾಲೋಚನೆ’ ಬೋರ್ಡ್‌ಗಳು ಹೆಚ್ಚಿವೆ. ಯಾರು ಓದಿದವರು, ಯಾರು ಅಲ್ಲ ಎಂದು ಹೇಗೆ ತಿಳಿಯುವುದು?

ಉತ್ತರ: ಮನೋವೈದ್ಯರು ಎಂದರೆ ಎಂಬಿಬಿಎಸ್ ಆದಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಈ ಸಾಲಿನಲ್ಲಿ ಮಾತ್ರೆ ಬರೆಯುವವರು ಇವರೇ, ಇವರಿಗೆ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಮತ್ತು ಪರೀಕ್ಷೆಗಳನ್ನು ಮಾಡುವವರು. ಈಗ ಕೆಲಸದಲ್ಲಿರುವ ಬಹುಪಾಲು ಜನ ಎರಡು ವರ್ಷದ ಎಂ.ಫಿಲ್ ಮಾಡಿದವರು, ಭಾರತೀಯ ಪುನರ್ವಸತಿ ಪರಿಷತ್ತಿನ ಸಂಖ್ಯೆ ಹೊಂದಿರುವವರು. ಆ ಸಂಖ್ಯೆಯನ್ನು ಪರಿಷತ್ತಿನ ಜಾಲತಾಣದಲ್ಲಿ ಹಾಕಿ ನೋಡಬಹುದು. ಆಪ್ತಸಮಾಲೋಚಕ ಎಂಬ ಬೋರ್ಡ್‌ಗೆ ಅಂಥ ಗಟ್ಟಿ ಬೇಲಿ ಇಲ್ಲ. ಮನಶ್ಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ವರ್ಷಗಟ್ಟಲೆ ತರಬೇತಾದವರೂ ಅದೇ ಹೆಸರಿನಲ್ಲಿದ್ದಾರೆ, ವಾರಾಂತ್ಯದ ಸರ್ಟಿಫಿಕೇಟ್‌ನವರೂ ಇದ್ದಾರೆ.

ಮೂರು ಪ್ರಶ್ನೆ ಕೇಳಿ. ಎಲ್ಲಿ ಓದಿದಿರಿ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತೀರಿ, ನಿಮ್ಮ ಕೈಮೀರಿದರೆ ಯಾವ ಮನೋವೈದ್ಯರಿಗೆ ಕಳಿಸುತ್ತೀರಿ? ಮೂರನೆಯದಕ್ಕೆ ಹೆಸರು ಬಾರದಿದ್ದರೆ ಎದ್ದು ಬನ್ನಿ. ‘ಇಪ್ಪತ್ತೊಂದು ದಿನದಲ್ಲಿ ಗ್ಯಾರಂಟಿ’ ಎನ್ನುವವರು, ಬೇರೆ ಡಾಕ್ಟರು ಕೊಟ್ಟ ಮಾತ್ರೆ ಬಿಡಿಸುವವರು, ನಿಮಗಿಂತ ಹೆಚ್ಚು ತಾವೇ ಮಾತಾಡುವವರೂ ಬೇಡ. ಸೆಷನ್ ಸಾಮಾನ್ಯವಾಗಿ 45ರಿಂದ 50 ನಿಮಿಷ. ಮೊದಲನೆಯದು ಬರೀ ವಿಚಾರಣೆಯಂತೆ ಕಾಣುತ್ತದೆ, ಅಷ್ಟಕ್ಕೇ ನಿರಾಶರಾಗಬೇಡಿ. ನಾಲ್ಕು ಸೆಷನ್ ಆದರೂ ‘ಯಾವುದರ ಮೇಲೆ ಕೆಲಸ ಮಾಡುತ್ತಿದ್ದೇವೆ’ ಎಂದು ಇಬ್ಬರಿಗೂ ಹೇಳಲಾಗದಿದ್ದರೆ ಬದಲಿಸಬಹುದು.

ಹಣವಿಲ್ಲದವರಿಗೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಸರಕಾರಿ ಆಸ್ಪತ್ರೆಯಲ್ಲಿದೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ ಆ ವಾರ ಇದ್ದಾರೆಯೇ ಎಂದು ಕೇಳಿಕೊಳ್ಳಿ.

ಪ್ರಶ್ನೆ: ಸೋಮವಾರಪೇಟೆ ಕಡೆ ಎಸ್ಟೇಟ್‌ನಲ್ಲಿದ್ದೇವೆ. ಆನ್‌ಲೈನ್ ಸೆಷನ್ ತೆಗೆದುಕೊಂಡೆ. ಅರ್ಧದಲ್ಲೇ ನೆಟ್‌ವರ್ಕ್ ಹೋಯಿತು, ಮನೆಯವರು ಪಕ್ಕದ ಕೋಣೆಯಲ್ಲೇ ಇದ್ದರು. ಪ್ರಯೋಜನವಾಗಲಿಲ್ಲ.

ಉತ್ತರ: ವಿಡಿಯೋ ಬಿಟ್ಟು ಮಾಮೂಲಿ ಫೋನ್ ಕರೆಯಲ್ಲೇ ಮಾಡಿ. ಮುಖ ಕಾಣದಿದ್ದರೂ ಸೆಷನ್ ನಡೆಯುತ್ತದೆ, ಐದೈದು ನಿಮಿಷಕ್ಕೆ ಕಡಿದುಹೋಗುವ ವಿಡಿಯೋದಲ್ಲಿ ನಡೆಯುವುದಿಲ್ಲ. ಕರೆ ಕಡಿದರೆ ಯಾರು ತಿರುಗಿ ಮಾಡಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಇಲ್ಲವಾದರೆ ಇಬ್ಬರೂ ಒಟ್ಟಿಗೆ ಡಯಲ್ ಮಾಡಿ ‘ಬ್ಯುಸಿ’ ಕೇಳುತ್ತ ಕೂರುತ್ತೀರಿ.

ಜಾಗ: ಕಾಫಿ ಕಣದ ತುದಿ, ನಿಲ್ಲಿಸಿದ ಜೀಪು, ಗೋದಾಮಿನ ಹಿಂಬದಿ. ಹಿಂದಿನ ದಿನ ಅದೇ ಹೊತ್ತಿಗೆ ಅಲ್ಲೇ ನಿಂತು ಸಿಗ್ನಲ್ ನೋಡಿ. ಇಯರ್‌ಫೋನ್ ಹಾಕಿದರೆ ಚಿಕಿತ್ಸಕರ ಮಾತು ಮುಚ್ಚಿಹೋಗುತ್ತದೆ, ನಿಮ್ಮ ಮಾತಲ್ಲ. ಆದ್ದರಿಂದ ಮನೆಯೊಳಗೇ ಮಾತಾಡುವುದಾದರೆ ಬಾಗಿಲ ಹೊರಗೆ ರೇಡಿಯೋ ಹಚ್ಚಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ನೆಚ್ಚುವ ಹಾಗಿಲ್ಲ, ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ.

ಜನ ಸಿಕ್ಕಿಬೀಳುವುದು ಮಾತಿನಿಂದಲ್ಲ, ಮೆಸೇಜಿನಿಂದ. ‘ನಾಳೆ 11ಕ್ಕೆ ನಿಮ್ಮ ಅಪಾಯಿಂಟ್‌ಮೆಂಟ್’ ಎಂಬ ನೆನಪೋಲೆ ಯಜಮಾನರ ನಂಬರಿಗೆ ಹೋಗಿರುತ್ತದೆ. ಇಲ್ಲವೇ ಯುಪಿಐನಲ್ಲಿ ದುಡ್ಡು ಹಾಕಿದಾಗ ಕ್ಲಿನಿಕ್‌ನ ಹೆಸರು ಜಂಟಿ ಖಾತೆಯಲ್ಲಿ ಬಂದಿರುತ್ತದೆ. ನಂಬರ್ ಕೊಡುವಾಗಲೇ ‘ಮೆಸೇಜ್ ಬೇಡ’ ಎನ್ನಿ. ಹಣ ನಗದಾಗಿ, ಖುದ್ದು ಹೋದಾಗ ಒಟ್ಟಿಗೆ ಕೊಡಬಹುದೇ ಎಂದು ಕೇಳಿ.

ಪ್ರಶ್ನೆ: ನನ್ನ ಗಂಡ ಸೈನ್ಯದಿಂದ ನಿವೃತ್ತರು. ಕುಡಿತ ವಿಪರೀತ. ಇತ್ತೀಚೆಗೆ ‘ನಾನಿದ್ದು ಏನಾಗಬೇಕು’ ಅನ್ನುತ್ತಾರೆ. ಮನೆಯಲ್ಲಿ ಕೋವಿ ಇದೆ. ಡಾಕ್ಟರ ಹತ್ತಿರ ಬರಲು ಒಪ್ಪುವುದಿಲ್ಲ.

ಉತ್ತರ: ಚಿಕಿತ್ಸಕರನ್ನು ಹುಡುಕುವುದು ಆಮೇಲೆ, ಕೋವಿ ಮೊದಲು. ಇಂದೇ.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಪರವಾನಗಿಯ ವಿನಾಯಿತಿ ಇರುವುದರಿಂದ ಇಲ್ಲಿ ಕೋವಿ ಗೋಡೆಯ ಮೇಲಿನ ದೇವರ ಪಟದಷ್ಟೇ ಸಹಜ. ಅದನ್ನು ಮನೆಯಿಂದ ಕಳಿಸುವುದು ಮರ್ಯಾದೆಯ ಪ್ರಶ್ನೆಯಾಗಿಬಿಡುತ್ತದೆ. ಆದರೆ ಸಾಯುವ ಯೋಚನೆಯ ತೀವ್ರತೆ ಎಷ್ಟೋ ಸಲ ಗಂಟೆಗಳಲ್ಲಿ ಇಳಿಯುತ್ತದೆ, ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಅವರು ಗೌರವಿಸುವ ಹಿರಿಯರೊಬ್ಬರಿಂದ, ಬಹುಶಃ ಒಕ್ಕದ ಪಟ್ಟೇದಾರರಿಂದ ಅಥವಾ ಹಳೆಯ ಸೈನಿಕ ಸ್ನೇಹಿತರಿಂದ, ಹೇಳಿಸಿ. ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಕೋವಿ ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬಹುದು. ಅದು ಆಗುವವರೆಗೆ ತೋಟಾಗಳು ಬೇರೆ ಮನೆಗೆ ಹೋಗಲಿ. ತೋಟಕ್ಕೆ ಹೊಡೆಯುವ ಔಷಧಿಗಳಿಗೂ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರವೂ ಬೇಡ, ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಇರಲಿ.

‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ, ಬಾಯಿ ಬಿಡಲು ದಾರಿಯಾಗುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿಯಾಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ: ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ಗಂಡ ಫೋನಿಗೆ ಬಾರದಿದ್ದರೂ ನೀವೇ ಮಾತಾಡಿ ಸಲಹೆ ಪಡೆಯಬಹುದು.

ಇನ್ನು ಕುಡಿತ. ದಿನವಿಡೀ ಕುಡಿಯುವವರನ್ನು ‘ಇವತ್ತಿಂದ ಬಂದ್’ ಎಂದು ಕೋಣೆಯಲ್ಲಿ ಕೂಡಿಹಾಕಬೇಡಿ. ನಿಲ್ಲಿಸಿದ ಆರು ಗಂಟೆಯಿಂದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನಕ್ಕೆ ನಡುಕ, ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದ ಮಾತು ಶುರುವಾದರೆ ಅದು ಜೀವಕ್ಕೇ ಅಪಾಯ. ಬಿಡಿಸುವುದು ಆಸ್ಪತ್ರೆಯಲ್ಲಿ, ಥಯಾಮಿನ್ (ವಿಟಮಿನ್ ಬಿ1) ಮತ್ತು ನಡುಕ ತಡೆಯುವ ಮಾತ್ರೆಗಳ ಜತೆ ಆಗಬೇಕು. ಅವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಯನ್ನು ಮುಟ್ಟಬೇಡಿ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇದ್ದು ಅವರು ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬರಬಹುದು.

ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ಇದ್ದರೆ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ರೆಫರಲ್ ಸಿಗುತ್ತದೆ. ‘ಮಾನಸಿಕ’ ಎಂದರೆ ಸಿಡುಕುವ ಸೈನಿಕರು ‘ನಿದ್ದೆ ಸರಿ ಮಾಡಿಸೋಣ, ಲಿವರ್ ತೋರಿಸೋಣ’ ಎಂದರೆ ಬರುತ್ತಾರೆ. ಅದು ಸುಳ್ಳೂ ಅಲ್ಲ, ಎರಡೂ ಹಾಳಾಗಿರುತ್ತವೆ.

ಪ್ರಶ್ನೆ: ಮಗಳಿಗೆ ಚಿಕಿತ್ಸೆ ಕೊಡಿಸಿದರೆ ಮುಂದೆ ಮದುವೆ, ಕೆಲಸಕ್ಕೆ ದಾಖಲೆ ಅಡ್ಡಬರುತ್ತದೆಯೇ?

ಉತ್ತರ: ಗಂಡಿನ ಕಡೆಯವರು ಆಸ್ಪತ್ರೆಗೆ ಹೋಗಿ ಕೇಳಿದರೆ ಕೊಡಲಾಗದು, ಕೊಟ್ಟರೆ ಕಾನೂನುಬಾಹಿರ. ಕಡತದ ಪ್ರತಿ ಕೇಳುವ ಹಕ್ಕು ರೋಗಿಗಿದೆ. ಆರೋಗ್ಯ ವಿಮೆಯಲ್ಲಿ ಮಾತ್ರ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಕ್ಲೇಮು ತಿರಸ್ಕಾರವಾಗಬಹುದು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ.

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮಕ್ಕಂದೂರು ಕಡೆ ಇದ್ದೆವು. ಈಗಲೂ ಜೋರು ಮಳೆ ಬಂದರೆ ಅಮ್ಮ ಚಪ್ಪಲಿ ಹಾಕಿಕೊಂಡೇ ಮಲಗುತ್ತಾರೆ. ನಿದ್ದೆ ಮಾತ್ರೆ ಸಾಕೇ?

ಉತ್ತರ: ಸಾಲದು. ನಿದ್ದೆ ಮಾತ್ರೆ ಆ ರಾತ್ರಿಯನ್ನು ಮಾತ್ರ ದಾಟಿಸುತ್ತದೆ, ವಾರಗಟ್ಟಲೆ ತೆಗೆದುಕೊಂಡರೆ ಅದಿಲ್ಲದೆ ನಿದ್ದೆ ಬಾರದಂತಾಗುತ್ತದೆ. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಇದೆ. ನಡೆದದ್ದನ್ನು ಸುರಕ್ಷಿತ ಜಾಗದಲ್ಲಿ ಸ್ವಲ್ಪ ಸ್ವಲ್ಪವೇ ಹೇಳಿಸಿ, ಮಳೆಯ ಸದ್ದಿಗೂ ಆ ದಿನಕ್ಕೂ ಬಿದ್ದ ಗಂಟನ್ನು ಸಡಿಲಿಸುವುದು ಅದರ ಕ್ರಮ. ಫೋನ್ ಮಾಡುವಾಗ ‘ಟ್ರಾಮಾ ಚಿಕಿತ್ಸೆಯಲ್ಲಿ ತರಬೇತಿ ಆಗಿದೆಯೇ?’ ಎಂದೇ ಕೇಳಿ. ಅಮ್ಮನಿಗೆ ಕೊಡವ ತಕ್ಕ್‌ ಅಥವಾ ಅರೆಭಾಷೆಯಲ್ಲೇ ಮಾತು ಬರುವುದಾದರೆ ಆ ಭಾಷೆ ಬಲ್ಲವರನ್ನೇ ಹುಡುಕಿ, ನೆಂಟಸ್ತಿಕೆಯ ಅಂತರ ನೋಡಿಕೊಂಡು. ಚಪ್ಪಲಿ ತೆಗೆಸಲು ಜಗಳಾಡಬೇಡಿ, ದಾಖಲೆ ಮತ್ತು ಟಾರ್ಚ್ ಇರುವ ಚೀಲವೊಂದನ್ನು ಬಾಗಿಲ ಬಳಿ ಅವರ ಜತೆಯಲ್ಲೇ ಸಿದ್ಧಮಾಡಿ.

ಮಳೆಗಾಲದ ನಡುವೆ ಶುರು ಮಾಡಿದರೆ ಪ್ರತಿ ವಾರದ ಭಯ ಆರಿಸುವುದರಲ್ಲೇ ಸಮಯ ಹೋಗುತ್ತದೆ. ಮಾರ್ಚ್ ಮೊದಲ ವಾರ ಹಿಡಿದರೆ ಹನ್ನೆರಡು ಸೆಷನ್ ಮೇ ಕೊನೆಗೆ ಮುಗಿಯುತ್ತದೆ.