ಕೈ ನಡುಗುವುದಕ್ಕೂ ತಂತು ಬದಲಾಗುವುದಕ್ಕೂ ಇರುವ ದೂರ

ಪ್ರಿಯ ಓದುಗರೇ,

ಹೆದರಿಕೆ, ಒತ್ತಡದ ಹೊತ್ತಿನಲ್ಲಿ ದೇಹವನ್ನು ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳು ಸ್ನಾಯುವಿನೊಳಗಿನ ರಕ್ತನಾಳಗಳನ್ನಷ್ಟೇ ನಿಯಂತ್ರಿಸುತ್ತವೆ ಎಂದು ನಮ್ಮ ಲೇಖನದಲ್ಲಿ ಬಂದದ್ದನ್ನು ತಾವು ಪ್ರಶ್ನಿಸಿದ್ದೀರಿ. ಹೆದರಿದಾಗ ಕೈ ನಡುಗುವುದು ಸ್ನಾಯುವಿನ ನಿಧಾನ ತಂತುಗಳು (ನಿಧಾನವಾಗಿ ಬಿಗಿಯುವ ಎಳೆಗಳು) ಬೇಗನೆ ಬಿಗಿಯುವ ವೇಗದ ತಂತುಗಳಾಗುತ್ತಿರುವುದರ ಲಕ್ಷಣವೇ ಎಂದೂ ಕೇಳಿದ್ದೀರಿ. ಮೊದಲನೆಯದರಲ್ಲಿ ತಪ್ಪು ನಮ್ಮದು. ಎರಡನೆಯದು ಹಾಗಲ್ಲ, ಆದರೆ ಏಕೆ ಅಲ್ಲ ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕು.

ತಂತುವಿನ ಬಗೆಯನ್ನು ಮುಖ್ಯವಾಗಿ ನಿರ್ಧರಿಸುವುದು ಚಾಲಕ ನರ, ಅಂದರೆ ಸ್ನಾಯುವಿಗೆ ಬಿಗಿಯುವಂತೆ ಆಜ್ಞೆ ತರುವ ನರ. ನರವಿಜ್ಞಾನಿ ಜಾನ್ ಎಕಲ್ಸ್ ಮತ್ತು ಸಂಗಡಿಗರು ಬೆಕ್ಕಿನ ಕಾಲಿನಲ್ಲಿ ವೇಗದ ಸ್ನಾಯುವಿನ ನರವನ್ನು ನಿಧಾನ ಸ್ನಾಯುವಿಗೂ ನಿಧಾನ ಸ್ನಾಯುವಿನ ನರವನ್ನು ವೇಗದ್ದಕ್ಕೂ ಜೋಡಿಸಿದಾಗ, ನಿಧಾನದ್ದು ಚುರುಕಾಯಿತು, ಚುರುಕಿನದು ನಿಧಾನವಾಯಿತು. ಇದು 1960ರಲ್ಲಿ ಪ್ರಕಟವಾಯಿತು.

ಸಿಂಪಥೆಟಿಕ್ ವ್ಯವಸ್ಥೆಯ ಕೆಲಸ ಬೇರೆ. ಅದು ಕೆರಳಿದಾಗ ರಕ್ತಕ್ಕೆ ಸೇರುವ ಅಡ್ರಿನಲಿನ್, ತಂತುಗಳ ಮೇಲಿರುವ, ಅದರ ಸಂದೇಶವನ್ನು ಹಿಡಿಯುವ ಬೀಟಾ-2 ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಈ ಗ್ರಾಹಕಗಳು ನಿಧಾನ ತಂತುಗಳಲ್ಲಿ ಹೆಚ್ಚು. ಅಡ್ರಿನಲಿನ್ ಅಂಟಿದಾಗ ಅಲ್ಲಿ, ತಂತುವನ್ನು ಬಿಗಿಯುವಂತೆ ಮಾಡುವ ಕ್ಯಾಲ್ಸಿಯಂ ಬೇಗನೆ ತಂತುವಿನೊಳಗಿನ ತನ್ನ ಸಂಗ್ರಹ ಜಾಲಕ್ಕೆ ಮರಳುವುದರಿಂದ ತಂತು ಬೇಗ ಸಡಿಲಗೊಳ್ಳುತ್ತದೆ. ಒಂದರ ಹಿಂದೊಂದು ಬರುವ ಸೆಳೆತಗಳು ಬೆಸೆದು ಒಂದೇ ಬಿಗಿತವಾಗುವ ಬದಲು ಬಿಡಿಬಿಡಿಯಾಗುತ್ತವೆ. ಕೈಯನ್ನು ಸ್ಥಿರವಾಗಿ ಹಿಡಿಯುವ ಕೆಲಸದಲ್ಲಿ ನಿಧಾನ ತಂತುಗಳ ಪಾಲು ದೊಡ್ಡದಾದ್ದರಿಂದ ನಡುಕ ಎದ್ದುಕಾಣುತ್ತದೆ. ಉಬ್ಬಸಕ್ಕೆ ಸಾಲ್ಬುಟಮಾಲ್ ತೆಗೆದುಕೊಂಡವರ ಕೈ ನಡುಗುವುದೂ ಇದೇ ಗ್ರಾಹಕಗಳ ಮೂಲಕ. ವೇಗದ ತಂತುಗಳಲ್ಲಾದರೋ ಇದಕ್ಕೆ ವಿರುದ್ಧವಾಗಿ ಸೆಳೆತ ತುಸು ಬಲವಾಗಿ, ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಒಂದೇ ಸಂದೇಶವನ್ನು ಎರಡು ಬಗೆಯ ತಂತುಗಳು ಎರಡು ರೀತಿಯಲ್ಲಿ ಕೇಳಿಸಿಕೊಳ್ಳುವ ಈ ಸಂಗತಿ ನನಗೆ ಇಡೀ ವಿಷಯದಲ್ಲೇ ಅತ್ಯಂತ ಸುಂದರವಾದದ್ದು. ಇವೆಲ್ಲ ನಿಮಿಷಗಳ ಮಾತು. ತಂತು ತನ್ನ ಬಗೆಯಲ್ಲೇ ಉಳಿದಿರುತ್ತದೆ.

ತಮ್ಮ ಊಹೆಗೆ ಆಧಾರವೇ ಇಲ್ಲವೆಂದಲ್ಲ. ಅದೇ ಗ್ರಾಹಕಗಳನ್ನು ಪ್ರಚೋದಿಸುವ ಕ್ಲೆನ್‌ಬುಟೆರಾಲ್ ಔಷಧವನ್ನು ವಾರಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಕೊಟ್ಟ ಇಲಿಗಳಲ್ಲಿ ಸ್ನಾಯು ದಪ್ಪವಾಗಿ, ನಿಧಾನ ತಂತುಗಳ ಪಾಲು ಇಳಿದು ವೇಗದವುಗಳದ್ದು ಏರುತ್ತದೆ. ಸಿಂಪಥೆಟಿಕ್ ಚಟುವಟಿಕೆ ಸದಾ ಏರಿಯೇ ಇರುವ ಹೃದಯ ವೈಫಲ್ಯದ ರೋಗಿಗಳ ಕಾಲಿನ ಸ್ನಾಯುಗಳಲ್ಲೂ ಇಂಥದೇ ಬದಲಾವಣೆ ಕಂಡುಬಂದಿದೆ. ಆದರೆ ಅವರ ಓಡಾಟವೂ ಕಡಿಮೆಯಾಗಿರುತ್ತದೆ, ಓಡಾಟ ಕುಗ್ಗಿದರೂ ತಂತುಗಳು ಅದೇ ದಿಕ್ಕಿಗೆ ವಾಲುತ್ತವೆ. ಆದ್ದರಿಂದ ಹೊಣೆಯನ್ನೆಲ್ಲ ಸಿಂಪಥೆಟಿಕ್ ವ್ಯವಸ್ಥೆಯ ಮೇಲೆ ಹೊರಿಸಲಾಗದು.

ಇನ್ನು ನಮ್ಮ ತಪ್ಪು. ಚಾಲಕ ನರ ಸ್ನಾಯುವನ್ನು ಸೇರುವ ಸಂಧಿಯ ಬಳಿಗೂ ಸಿಂಪಥೆಟಿಕ್ ನರತುದಿಗಳು ತಲುಪುತ್ತವೆಂದು ಇಲಿಗಳಲ್ಲಿ ಕಂಡಿದ್ದಾರೆ. ಅವನ್ನು ನಾಶಪಡಿಸಿದರೆ ಸ್ನಾಯು ಸೊರಗುತ್ತದೆ. ಆ ಲೇಖನದ ವಾಕ್ಯದಲ್ಲಿನ ‘ಅಷ್ಟೇ’ ಎಂಬ ಪದವನ್ನು ದಯವಿಟ್ಟು ಹೊಡೆದುಹಾಕಿ ಓದಿಕೊಳ್ಳಿ.

— ಸಂಪಾದಕ