ವರ್ಷಗಟ್ಟಲೆ ಕಾದು ಕೊಂಡ ಪುಸ್ತಕ ನಿಮಗೆ ನಿರಾಸೆ ಮಾಡಿದ್ದು ಇದೆಯೇ? ಯಾಕೆ?

ಇದೆ. ಧಾರವಾಡದಲ್ಲಿ ಪಿಯುಸಿ ಓದುವಾಗ ಅದರ ಮೊದಲ ಭಾಗ ಓದಿದ್ದೆ. ಎರಡನೇ ಭಾಗ ಕೈಗೆ ಬರುವಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ, ಸಂಬಳದಲ್ಲಿ ಪಿಎಫ್ ಕಟ್ ಆಗಲು ಶುರುವಾಗಿತ್ತು. ಅಷ್ಟು ಕಾಯಿಸಿದ ಪುಸ್ತಕ. ಇಂಗ್ಲಿಷಿನದು. ಹದಿಹರೆಯದವರಿಗೆ ಅಂತ ಬರೆದ ವೈಜ್ಞಾನಿಕ ಕಾದಂಬರಿ, ಒಳಗೊಂದು ಪ್ರೇಮಕಥೆ. ಹೆಸರು ಹೇಳುವುದಿಲ್ಲ. ಇಲ್ಲಿ ಕಥೆಯ ಕೊನೆಯವರೆಗೂ ಹೇಳಲಿದ್ದೇನೆ, ಇನ್ನೂ ಓದದವರ ಮಜಾ ಯಾಕೆ ಕೆಡಿಸಲಿ.

"ನಿರೀಕ್ಷೆ ಜಾಸ್ತಿ ಇಟ್ಟುಕೊಂಡದ್ದೇ ಕಾರಣವಾ?" ಅಂತಲೂ ಕೇಳಿದ್ದೀರಿ. ನನ್ನ ವಿಷಯದಲ್ಲಿ ಅಲ್ಲ. ಆ ಪ್ರೇಮಕಥೆ ನಿಂತಿದ್ದೇ ವಿಜ್ಞಾನದ ಮೇಲೆ. ಎರಡನೇ ಭಾಗದಲ್ಲಿ ಲೇಖಕಿ ಆ ವಿಜ್ಞಾನವನ್ನೇ ಎತ್ತಿ ಆಚೆಗಿಟ್ಟರು.

ಮೊದಲ ಭಾಗ ಹೀಗಿತ್ತು. ಹುಡುಗಿ ತಾಯಿಯ ಜೊತೆ ಮಂಗಳ ಗ್ರಹದ ನೆಲೆಗೆ ಹೋಗಿದ್ದಾಳೆ. ಹುಡುಗ ಭೂಮಿಯಲ್ಲಿ, ಅಪ್ಪ ಕೆಲಸ ಮಾಡುವ ಆಂಟೆನಾ ಕೇಂದ್ರದಲ್ಲಿ ರಾತ್ರಿ ಹೊತ್ತು ಕೂತಿರುತ್ತಾನೆ. (ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಇದೆಯಲ್ಲ, ಅವನು ಅಲ್ಲೇ ಕೂತಿದ್ದಾನೆ ಅಂತ ಅಂದುಕೊಂಡು ಓದುತ್ತಿದ್ದೆ.) ಇಬ್ಬರೂ ಒಬ್ಬರಿಗೊಬ್ಬರು ದನಿ ಕಳಿಸುತ್ತಾರೆ. ಆದರೆ ಬೆಳಕಿಗಿಂತ ಬೇಗ ಏನೂ ಹೋಗದು. ಮಂಗಳ ಹತ್ತಿರ ಇದ್ದಾಗ ಮಾತು ತಲುಪಲು ಮೂರು ನಿಮಿಷ ಚಿಲ್ಲರೆ ಬೇಕು, ದೂರ ಹೋದಾಗ 22 ನಿಮಿಷದವರೆಗೆ. ಪ್ರತಿ ಅಧ್ಯಾಯದ ತಲೆಯ ಮೇಲೆ ಹೆಸರಿನ ಬದಲು ಆ ನಿಮಿಷ ಮಾತ್ರ ಇರುತ್ತಿತ್ತು. 4. ಆಮೇಲೆ 11. ಆಮೇಲೆ 21.

ಜಗಳ ಆಡುವಾಗ ಇದರ ಪರಿಣಾಮ ನೋಡಬೇಕು. ಅವನು ಸಿಟ್ಟಿನಿಂದ ಏನೋ ಅಂದ. ಐದು ನಿಮಿಷಕ್ಕೆ ಸಿಟ್ಟು ಇಳಿಯಿತು, ತಪ್ಪಾಯಿತು ಅಂದ. ಆದರೆ ಎರಡು ಮಾತೂ ಇನ್ನೂ ದಾರಿಯಲ್ಲೇ ಇವೆ. ಅಲ್ಲಿ ಮೊದಲು ಸಿಟ್ಟು ತಲುಪುತ್ತದೆ, ಅದಕ್ಕೆ ಅವಳ ಉತ್ತರ ಹೊರಡುತ್ತದೆ, ಅದು ಹೊರಟ ಮೇಲೆ ಕ್ಷಮೆ ತಲುಪುತ್ತದೆ. ಯಾರು ಯಾವ ಮಾತಿಗೆ ಅಳುತ್ತಿದ್ದಾರೆ ಅನ್ನುವುದೇ ಕಲಸಿಹೋಗುತ್ತದೆ. ಅಷ್ಟು ಚಂದದ ಜಗಳ ನಾನು ಬೇರೆ ಯಾವ ಪುಸ್ತಕದಲ್ಲೂ ಓದಿಲ್ಲ.

ಇನ್ನೊಂದು ಇದೆ. ಮಂಗಳದ ಒಂದು ದಿನ ಅಂದರೆ 24 ಗಂಟೆ 39 ನಿಮಿಷ ಮತ್ತೆ ಸ್ವಲ್ಪ ಸೆಕೆಂಡು. ಹಾಗಾಗಿ ಅವಳ ಬೆಳಗು ದಿನಕ್ಕೆ ಸುಮಾರು 40 ನಿಮಿಷ ಹಿಂದೆ ಬೀಳುತ್ತಾ ಹೋಗುತ್ತದೆ. ಕೆಲವು ದಿನ ಇಬ್ಬರಿಗೂ ಒಟ್ಟಿಗೆ ರಾತ್ರಿ. ಎರಡೂವರೆ ವಾರ ಕಳೆದರೆ ಅವಳ ಮಧ್ಯಾಹ್ನಕ್ಕೆ ಇವನ ಮಧ್ಯರಾತ್ರಿ. ಐದು ವಾರ ದಾಟುವಾಗ ಮತ್ತೆ ಸೇರುತ್ತವೆ. ನಾಸಾದ ರೋವರ್‌ಗಳು (ಮಂಗಳದ ನೆಲದಲ್ಲಿ ಓಡಾಡುವ ಯಂತ್ರದ ಗಾಡಿಗಳು) ಇಳಿದ ಮೊದಲ ತಿಂಗಳುಗಳಲ್ಲಿ ಭೂಮಿಯಲ್ಲಿದ್ದ ನಾಸಾದ ವಿಜ್ಞಾನಿಗಳೂ ಹೀಗೇ ಮಂಗಳದ ಗಡಿಯಾರ ನೋಡಿಕೊಂಡು ಮಲಗಿ ಎದ್ದವರು. ಕಾದಂಬರಿಯ ಹುಡುಗ ಅದನ್ನು ಪ್ರೀತಿಗೋಸ್ಕರ ಮಾಡುತ್ತಾನೆ, ಶಾಲೆಯಲ್ಲಿ ಬೆಂಚಿನ ಮೇಲೆ ನಿದ್ದೆ ಹೊಡೆಯುತ್ತಾನೆ.

ಮೊದಲ ಭಾಗ ಮುಗಿಯುವುದಂತೂ ಬಹಳ ಜಾಣತನದಿಂದ. ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ಭೂಮಿಗೂ ಮಂಗಳಕ್ಕೂ ನಡುವೆ ಬರುತ್ತಾನೆ. ಅವನ ಸುತ್ತಲಿನ ಬಿಸಿ ಅನಿಲ ರೇಡಿಯೋ ಸಂಕೇತವನ್ನು ಕೆಡಿಸುತ್ತದೆ. ನಿಜದಲ್ಲೂ ನಾಸಾದವರು ಆಗ ಸುಮಾರು ಎರಡು ವಾರ ಮಂಗಳದ ನೌಕೆಗಳಿಗೆ ಆದೇಶ ಕಳಿಸುವುದನ್ನು ನಿಲ್ಲಿಸುತ್ತಾರೆ. ಆ ಎರಡು ವಾರ ಶುರುವಾಗುವ ಹೊತ್ತಿಗೆ ಸರಿಯಾಗಿ ಅವಳು ಏನೋ ಹೇಳಹೊರಡುತ್ತಾಳೆ. ಅರ್ಧಕ್ಕೇ ಕಟ್. ಪುಸ್ತಕ ಮುಗಿಯಿತು.

ನಾನು ಇದನ್ನು ಓದಿದ್ದು 2014ರಲ್ಲಿ, ಮಂಗಳಯಾನದ ವರ್ಷ. ಸೆಪ್ಟೆಂಬರ್ 24ರ ಬೆಳಿಗ್ಗೆ ಅದು ಮಂಗಳದ ಕಕ್ಷೆ ಸೇರಿತಲ್ಲ, ಆ ದಿನ ನಮ್ಮ ಭೌತಶಾಸ್ತ್ರದ ಸರ್ ಪಾಠ ಬಿಟ್ಟು ಅದನ್ನೇ ಹೇಳಿದರು. ಎಂಜಿನ್ ಉರಿಸುವ ಆದೇಶವನ್ನು ನೌಕೆಗೆ ಮುಂಚೆಯೇ ತುಂಬಿಸಿ ಇಟ್ಟಿರುತ್ತಾರೆ, ಯಾಕಂದರೆ ಅಲ್ಲಿಂದ ಸುದ್ದಿ ಬರಲು 12 ನಿಮಿಷದ ಮೇಲೆ ಬೇಕು. "ಇಲ್ಲಿ ನಮಗ ಗೊತ್ತಾಗೂದ್ರಾಗ ಅಲ್ಲಿ ಆಗೂದೆಲ್ಲಾ ಆಗಿಹೋಗಿರ್ತೈತಿ" ಅಂದರು. ಕ್ಲಾಸಿನಲ್ಲಿ ಅದು ಎಷ್ಟು ಜನರಿಗೆ ತಟ್ಟಿತೋ ಗೊತ್ತಿಲ್ಲ. ನಾನು ಸಪ್ತಾಪುರದ ರೂಮಿಗೆ ಬಂದವಳೇ ಆ ಜಗಳದ ಅಧ್ಯಾಯ ಮತ್ತೆ ತೆಗೆದೆ.

ಆಮೇಲೆ ಕಾದದ್ದೇ ಕಾದದ್ದು. ಪ್ರಕಾಶಕರು ಮುಂದಿನ ವರ್ಷ ಅನ್ನುವುದು, ಮುಖಪುಟ ತೋರಿಸುವುದು, ಮತ್ತೆ ಮುಂದೆ ಹಾಕುವುದು. ಕೊನೆಗೆ ಬಿಡುಗಡೆ ಅಂದಾಗ ಮುಂಗಡ ದುಡ್ಡು ಕಟ್ಟಿ, ದಪ್ಪ ರಟ್ಟಿನ ಪ್ರತಿಯನ್ನೇ ತರಿಸಿದೆ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಬಿಚ್ಚಿದೆ.

ನವಲೂರು ದಾಟುವಷ್ಟರಲ್ಲಿ ಕಥೆಯೊಳಗೆ ಒಂದು ಪೆಟ್ಟಿಗೆ ಬಂತು. ಕ್ವಾಂಟಮ್ ಪೆಟ್ಟಿಗೆಯಂತೆ, ದೂರ ಇದ್ದರೂ ಒಂದಕ್ಕೊಂದು ನಂಟಿರುವ ಸೂಕ್ಷ್ಮ ಕಣಗಳಿಂದ ನಡೆಯುವುದು. ಒಂದು ಅವಳ ಹತ್ತಿರ, ಒಂದು ಇವನ ಹತ್ತಿರ. ಇನ್ನು ತಡವೇ ಇಲ್ಲ, ಇಬ್ಬರೂ ವಾಟ್ಸಾಪ್ ಕಾಲ್ ಹಾಗೆ ಮಾತಾಡಬಹುದು. ಉಣಕಲ್ ಬರುವ ಹೊತ್ತಿಗೆ ಅಧ್ಯಾಯಗಳ ತಲೆಯ ಮೇಲಿನ ನಿಮಿಷ ಮಾಯ. ಅದರ ಜಾಗದಲ್ಲಿ "ಮಿಡಿತ", "ಬಿರುಗಾಳಿ" ಅನ್ನುವಂಥ ಹೆಸರುಗಳು.

ಆ ಪೆಟ್ಟಿಗೆ ಆಗದ ಮಾತು ಅನ್ನುವುದು ಬೇರೆ ವಿಷಯ. ಒಂದು ಜೊತೆ ಚಪ್ಪಲಿಯನ್ನು ಎರಡು ಡಬ್ಬಿಯಲ್ಲಿ ಮುಚ್ಚಿ ಒಂದನ್ನು ಗದಗಿಗೆ, ಒಂದನ್ನು ಹಾವೇರಿಗೆ ಕಳಿಸಿದಿರಿ ಅನ್ನಿ. ಗದಗಿನವರು ತೆರೆದಾಗ ಎಡಗಾಲಿನದು ಸಿಕ್ಕರೆ ಹಾವೇರಿಯಲ್ಲಿ ಬಲಗಾಲಿನದು ಇದೆ ಅಂತ ಆ ಕ್ಷಣವೇ ಗೊತ್ತಾಗುತ್ತದೆ. ಆದರೆ ಹಾವೇರಿಗೆ ಯಾವ ಸುದ್ದಿಯೂ ಹೋಗಿಲ್ಲ. ಕ್ವಾಂಟಮ್ ಕಣಗಳ ನಂಟು ಇದಕ್ಕಿಂತ ವಿಚಿತ್ರ ನಿಜ. ಆದರೆ ಅಲ್ಲೂ ಯಾವ ಉತ್ತರ ಬರಬೇಕು ಅಂತ ನಾವು ಆರಿಸಲು ಆಗದು, ಹಾಗಾಗಿ ಅದರ ಮೂಲಕ ಮಾತು ಕಳಿಸಲೂ ಆಗದು. ಇರಲಿ, ಕಾದಂಬರಿಯಲ್ಲಿ ಒಂದು ಸುಳ್ಳು ಯಂತ್ರವನ್ನು ನಾನು ಖುಷಿಯಿಂದ ಒಪ್ಪುತ್ತೇನೆ. ಆದರೆ ಈ ಯಂತ್ರ ತಿಂದದ್ದು ಕಥೆಯನ್ನೇ.

ಇದು ಬರೀ ನನ್ನ ನಿರೀಕ್ಷೆಯ ಭಾರ ಅಲ್ಲ ಅಂತ ಗೊತ್ತಾದದ್ದು ನಮ್ಮ ಮಾವನ ಮಗಳಿಂದ. ಹತ್ತನೇ ಕ್ಲಾಸಿನವಳು. ರಜೆಗೆ ಬಂದಾಗ ಎರಡೂ ಭಾಗ ಒಂದರ ಹಿಂದೆ ಒಂದು ಓದಿದಳು. ಅವಳು ಯಾವುದಕ್ಕೂ ಕಾದವಳಲ್ಲ. ಅವಳೂ ಪೆಟ್ಟಿಗೆ ಬಂದಲ್ಲೇ ಪುಸ್ತಕ ಮಗುಚಿಟ್ಟು, "ಅಕ್ಕಾ, ಇನ್ ಇವರಿಬ್ಬರಿಗೆ ತ್ರಾಸ ಏನೈತಿ? ಮಾತಾಡ್ಕೋತ ಕುಂತಾರಲ್ಲ" ಅಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ತ್ರಾಸ ಇಲ್ಲ ಅಂತ ಲೇಖಕಿಗೂ ಅನ್ನಿಸಿರಬೇಕು. ಅದಕ್ಕೇ ಮಂಗಳದ ನೆಲೆಯಲ್ಲಿ ಇನ್ನೊಬ್ಬ ಹುಡುಗನನ್ನು ತಂದರು. ಎತ್ತರ, ಮೌನ, ಕಣ್ಣಲ್ಲಿ ಏನೋ ನೋವು. ಇನ್ನೂರು ಪುಟ ಅವಳು ಇವನಾ ಅವನಾ ಅಂತ ಯೋಚಿಸುತ್ತಾಳೆ. ಈ ಭಾಗದ ಬಗ್ಗೆ ಇಷ್ಟು ಸಾಕು.

ಕೊನೆ ಇನ್ನೂ ಕಷ್ಟ. ಮಂಗಳಯಾನ ಹೊರಟದ್ದು 2013ರ ನವೆಂಬರ್ 5ಕ್ಕೆ, ತಲುಪಲು ಹತ್ತು ತಿಂಗಳು ಹಿಡಿಯಿತು. ಇಲ್ಲಿ ಹೊಸ ಎಂಜಿನ್ ಬಂದು ಅವಳು ನಾಲ್ಕು ದಿನದಲ್ಲಿ ಭೂಮಿಗೆ ಬಂದಿಳಿಯುತ್ತಾಳೆ. ಇಳಿದ ದಿನವೇ ಸಮುದ್ರದ ದಂಡೆಯಲ್ಲಿ ಅವನ ಕಡೆ ಓಡುತ್ತಾಳೆ. ಮಂಗಳದ ಗುರುತ್ವ ನಮ್ಮದರ ಶೇಕಡ 38ರಷ್ಟು. ಅಲ್ಲಿ ಐದು ವರ್ಷ ಬೆಳೆದ ಹುಡುಗಿಗೆ ಇಲ್ಲಿ ತನ್ನ ಮೈಯೇ ಎರಡೂವರೆ ಪಟ್ಟು ಭಾರ ಅನ್ನಿಸಬೇಕು. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳು ಇದ್ದು ಬಂದವರನ್ನೇ ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವಳು ಓಡದೆ, ಅವನ ಹೆಗಲು ಹಿಡಿದು ಎದ್ದು ನಿಲ್ಲಲು ಒದ್ದಾಡಿದ್ದರೆ ಆ ದೃಶ್ಯ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ? ಕೈಯಲ್ಲೇ ಇದ್ದ ಪ್ರೇಮ ದೃಶ್ಯವನ್ನು ಬಿಟ್ಟು ಸಿನಿಮಾ ಓಟ ಹಾಕಿದರು.

ನಡುವೆ ಒಂದು ಅಧ್ಯಾಯ ಮಾತ್ರ ಹಳೆಯ ಕೈಚಳಕದ್ದು. ದೂಳಿನ ಬಿರುಗಾಳಿ. ಮಂಗಳದ ಗಾಳಿ ನಮ್ಮ ಗಾಳಿಯ ನೂರರಲ್ಲಿ ಎರಡು ಪಾಲೂ ದಟ್ಟ ಇಲ್ಲ, ಹಾಗಾಗಿ ಅದು ದೂಳು ಬಿಟ್ಟು ಬೇರೇನನ್ನೂ ಹಾರಿಸಿಕೊಂಡು ಹೋಗದು. ಅಪಾಯ ಇರುವುದು ಕತ್ತಲೆಯಲ್ಲಿ. 2018ರಲ್ಲಿ ಅಂಥದ್ದೇ ಬಿರುಗಾಳಿ ಸೂರ್ಯನನ್ನು ಮುಚ್ಚಿದ ಮೇಲೆ ಆಪರ್ಚುನಿಟಿ ರೋವರ್ ಮತ್ತೆ ಮಾತಾಡಲಿಲ್ಲ. ಕಾದಂಬರಿಯಲ್ಲೂ ಕರೆಂಟು ಸಾಲದೆ ಒಂದೊಂದೇ ಕೋಣೆಯ ದೀಪ ಆರಿಸುತ್ತಾರೆ, ಎಲ್ಲರೂ ಒಂದೇ ಕೋಣೆಗೆ ಸೇರುತ್ತಾರೆ. ಪೆಟ್ಟಿಗೆಗೂ ಕರೆಂಟು ಇಲ್ಲ. ಆ ಇಪ್ಪತ್ತು ಪುಟ ಉಸಿರು ಬಿಗಿಹಿಡಿದು ಓದಿದೆ. ಬರೆಯಲು ಅವರಿಗೆ ಇನ್ನೂ ಬರುತ್ತದೆ, ಅದೇ ಹೊಟ್ಟೆ ಉರಿ.

ಮೂರನೇ ಭಾಗವೂ ಇದೆಯಂತೆ. ನಾನು ಮುಂಗಡ ದುಡ್ಡು ಕಟ್ಟುವುದಿಲ್ಲ. ಮಾವನ ಮಗಳು ಯಾರ ಹತ್ತಿರವಾದರೂ ಇಸಕೊಂಡು ಓದಿಯೇ ಓದುತ್ತಾಳೆ. ಅದರಲ್ಲಿ ಆ ಪೆಟ್ಟಿಗೆ ಕೆಟ್ಟುಹೋದರೆ ಫೋನ್ ಮಾಡು ಅಂತ ಹೇಳಿಟ್ಟಿದ್ದೇನೆ.